ಮಣಿಕಟ್ಟಿಗೆ ಕರೆಂಟ್, ಬೆರಳಿಗೆ ಸ್ಪರ್ಶ

ಮಣಿಕಟ್ಟಿನ ಒಳಬದಿಗೆ ಎಲೆಕ್ಟ್ರೋಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಟ್ಟರೆ, ಬೆರಳಿನಲ್ಲಿ ಯಾರೋ ಮುಟ್ಟಿದ ಹಾಗಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಸುದ್ದಿ ಹೊರುವ ಮೀಡಿಯನ್ ನರ ಅಲ್ಲೇ ಹಾದುಹೋಗುತ್ತದೆ. ಅದನ್ನು ದಾರಿಯಲ್ಲಿ ಎಲ್ಲಿ ಕೆಣಕಿದರೂ ಮಿದುಳು ಬೆರಳನ್ನೇ ನೆನೆಯುತ್ತದೆ. ಕೃತಕ ಕೈಗೆ ಸ್ಪರ್ಶ ಕೊಡುವ ನನ್ನ ಕೆಲಸ ನಿಂತಿರುವುದೇ ಇದರ ಮೇಲೆ.

ಸ್ಪರ್ಶ ಅಷ್ಟು ಮುಖ್ಯವಾ? ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು ಕೈಕಾಲು ಸ್ವಾಧೀನ ತಪ್ಪಿದ ನೇಥನ್ ಕೋಪ್‌ಲ್ಯಾಂಡ್ ಅವರ ಮಿದುಳಿನಲ್ಲೇ ಎಲೆಕ್ಟ್ರೋಡ್ ಇಟ್ಟಿದ್ದರು. ಅವರು ಮನಸ್ಸಿನಿಂದಲೇ ರೋಬೋ ಕೈ ಆಡಿಸಿ ವಸ್ತುಗಳನ್ನು ಎತ್ತಿಡುತ್ತಿದ್ದರು. 2021ರಲ್ಲಿ ಬಂದ ವರದಿಯ ಪ್ರಕಾರ, ಬರೀ ಕಣ್ಣಿನಿಂದ ನೋಡಿ ಮಾಡಿದಾಗ ಒಂದು ಕೆಲಸಕ್ಕೆ ಸುಮಾರು 20.9 ಸೆಕೆಂಡ್. ಮಿದುಳಿನ ಎಲೆಕ್ಟ್ರೋಡ್ ಮೂಲಕ ಸ್ಪರ್ಶವೂ ಸಿಕ್ಕಾಗ 10.2. ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ನಾನು ಚರ್ಮದ ಮೇಲಿನಿಂದ ಮಾಡುತ್ತೇನೆ, ಆಪರೇಷನ್ ಇಲ್ಲ. ಒಂದೊಂದು ಪಲ್ಸ್‌ನಲ್ಲೂ, ಅಂದರೆ ಕ್ಷಣಮಾತ್ರದ ಕರೆಂಟ್ ಮಿಡಿತದಲ್ಲೂ, ಕರೆಂಟ್ ಎಷ್ಟು ಒಳಗೆ ಹೋಗುತ್ತದೋ ಅಷ್ಟೇ ತಿರುಗಿ ಬರಬೇಕು, ಇಲ್ಲದಿದ್ದರೆ ಚರ್ಮ ಉರಿಯುತ್ತದೆ. ಜಾಸ್ತಿ ಮಾಡಿದರೆ ಹೆಬ್ಬೆರಳು ತಾನಾಗಿ ಸೆಳೆಯುತ್ತದೆ, ಏಕೆಂದರೆ ಅದೇ ನರ ಸ್ನಾಯುಗಳಿಗೂ ಹೋಗುತ್ತದೆ. ಅದು ನನ್ನ ಮೇಲಿನ ಗಡಿ. ಕೆಳಗಿನ ಗಡಿ, ಅಂದರೆ ಬೆರಳಿಗೆ ಗೊತ್ತಾಗುವ ಅತಿ ಕಡಿಮೆ ಕರೆಂಟ್, ಹುಡುಕುವುದೇ ನಿಜವಾದ ಕೆಲಸ.

"ಗೊತ್ತಾಯ್ತಾ?" ಅಂತ ನಾನು ಕೇಳುವುದಿಲ್ಲ. ಪರೀಕ್ಷೆಗೆ ಬಂದವರು ಒಳ್ಳೆಯವರು, ನಮಗೆ ಬೇಜಾರಾಗಬಾರದು ಅಂತ "ಹೂಂ ಮೇಡಂ, ಸ್ವಲ್ಪ" ಅಂದುಬಿಡುತ್ತಾರೆ. ಕರೆಂಟೇ ಇಲ್ಲದಾಗಲೂ ಹಾಗೆ ಅನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾಯುತ್ತಾ ಕೂತ ಕೈಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ಅಲ್ವಾ? ಅದಕ್ಕೆ ಎರಡು ಬೀಪ್ ಕೊಡುತ್ತೇನೆ. ಯಾವುದೋ ಒಂದರ ಜೊತೆ ಮಾತ್ರ ಕರೆಂಟ್ ಇರುತ್ತದೆ. ಯಾವುದು ಅಂತ ಹೇಳಲೇಬೇಕು, ಗೊತ್ತಾಗದಿದ್ದರೆ ಊಹಿಸಬೇಕು. ಸತತ ಎರಡು ಸಲ ಸರಿ ಹೇಳಿದರೆ ಕರೆಂಟ್ ಇಳಿಸುತ್ತೇನೆ, ಒಂದು ತಪ್ಪಾದರೆ ಏರಿಸುತ್ತೇನೆ. ಹೀಗೆ ಮೆಟ್ಟಿಲು ಹತ್ತಿ ಇಳಿದು, ನೂರಕ್ಕೆ ಸುಮಾರು 71 ಸಲ ಸರಿ ಹೇಳುವ ಮಟ್ಟದ ಸುತ್ತ ಅದು ಓಲಾಡುತ್ತದೆ. ಅಲ್ಲಿನ ಸರಾಸರಿಯೇ ಕೆಳಗಿನ ಗಡಿ.

ಹೇಗನ್ನಿಸಿತು ಅನ್ನುವುದನ್ನು ಆಮೇಲೆ ಕೇಳುತ್ತೇನೆ, ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಜೋಮು ಹಿಡಿದ ಹಾಗೆ, ಇರುವೆ ಹರಿದ ಹಾಗೆ ಅನ್ನುವವರೇ ಹೆಚ್ಚು. ಸಹಜವಾದ ಒತ್ತಡ ಅನ್ನುವವರು ಅಪರೂಪ. ಈಗ ಪಲ್ಸ್‌ಗಳ ನಡುವಿನ ಅಂತರ ಬದಲಿಸಿ ಆ ಜೋಮನ್ನು ಕಡಿಮೆ ಮಾಡಲು ನೋಡುತ್ತಿದ್ದೇನೆ. ಬೆವರಿದರೂ ಎಲೆಕ್ಟ್ರೋಡ್ ಸ್ವಲ್ಪ ಸರಿದರೂ ಗಡಿ ಬದಲಾಗುತ್ತದೆ, ಹಾಗಾಗಿ ಅದೇ ವ್ಯಕ್ತಿ ಮತ್ತೆ ಬಂದಾಗ ಅಳತೆ ಮೊದಲಿನಿಂದ ಶುರು.