ಮೂಳೆಗೆ ಅವಸರ ಇಲ್ಲ

ಬಸವನಗುಡಿಯ ನನ್ನ ಹಲ್ಲಿನ ಕ್ಲಿನಿಕ್‌ಗೆ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಹಾಕುವ ಟೈಟಾನಿಯಂ ಸ್ಕ್ರೂ) ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ತುಂಬಾ ನೋವಾಗುತ್ತಾ ಡಾಕ್ಟ್ರೇ?" ಎರಡನೆಯದು ಖರ್ಚಿನದು. ಎಷ್ಟು ದಿನ ಕಾಯಬೇಕು ಅಂತ ಕೇಳುವವರು ಕಡಿಮೆ. ಆದರೆ ನಾನು ನೋಡಿದ ಹಾಗೆ ಜನ ಬೇಸತ್ತುಹೋಗುವುದು ನೋವಿಗಲ್ಲ, ಕಾಯುವುದಕ್ಕೆ. ಅದಕ್ಕೇ ಒಬ್ಬರ ಚಿಕಿತ್ಸೆ ಮೊದಲಿಂದ ಕೊನೆವರೆಗೆ ಹೇಗೆ ನಡೆಯಿತು ಅಂತ ಬರೆಯುತ್ತಿದ್ದೇನೆ.

ಯುಗಾದಿ ಕಳೆದ ವಾರ ಅರವತ್ತರ ಹತ್ತಿರದ ಒಬ್ಬ ಅಮ್ಮ ಬಂದರು. ಕೆಳಗಡೆ ಬಲಭಾಗದ ದವಡೆ ಹಲ್ಲು ಕೀಳಿಸಿ ಐದಾರು ವರ್ಷ ಆಗಿತ್ತು. ಅಷ್ಟೂ ವರ್ಷ ಎಡಗಡೆಯಲ್ಲೇ ಅಗಿದಿದ್ದಾರೆ. "ಗೋಕುಲಾಷ್ಟಮಿಗೆ ಚಕ್ಕುಲಿ ತಿನ್ನೋ ಹಾಗೆ ಮಾಡ್ಕೊಡಿ" ಅಂದರು.

ರಕ್ತ ಪರೀಕ್ಷೆ ಮಾಡಿಸಿದರೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಶುಗರ್ ಸರಾಸರಿಯ ಲೆಕ್ಕ, 9.2 ಬಂತು. ಅಷ್ಟೂ ದಿನ ಶುಗರ್ ಹಿಡಿತದಲ್ಲೇ ಇರಲಿಲ್ಲ. "ಇದು ಇಳಿಯಲಿ ಅಮ್ಮ, ಆಮೇಲೆ ಶುರು ಮಾಡೋಣ" ಅಂದೆ. ಹಲ್ಲಿಗೂ ಶುಗರ್‌ಗೂ ಏನು ಸಂಬಂಧ ಅಂತ ಅವರಿಗೆ ಬೇಜಾರು. ಸಂಬಂಧ ಇದೆ. ಶುಗರ್ ಜಾಸ್ತಿ ಇದ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವಾಗುವ ಭಯ ಹೆಚ್ಚು. ಸಿಗರೇಟು, ಗುಟ್ಕಾ ಇದ್ದರೂ ಹಾಗೇ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಮಾತ್ರೆ ತಗೊಳ್ಳುವವರು, ವರ್ಷಕ್ಕೊಮ್ಮೆ ಇಂಜೆಕ್ಷನ್ ಹಾಕಿಸಿಕೊಳ್ಳುವವರು ಅದನ್ನು ಮುಚ್ಚಿಡದೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಅದನ್ನು ಹೃದಯದ ಡಾಕ್ಟರೇ ಹೇಳಬೇಕು.

ಮೂರು ತಿಂಗಳಲ್ಲಿ ಅಮ್ಮನ ಆ ಲೆಕ್ಕ 7.1ಕ್ಕೆ ಇಳಿಯಿತು. ಅಷ್ಟೊತ್ತಿಗೆ ಆಷಾಢ. "ಶ್ರಾವಣ ಬರಲಿ" ಅಂದರು. ಸರಿ ಅಂದೆ. ಈ ನಡುವೆ ದವಡೆಯ ತ್ರೀಡಿ ಸ್ಕ್ಯಾನ್ ಮಾಡಿಸಿದ್ದೆವು. ಕೆಳದವಡೆಯ ಒಳಗೆ ಒಂದು ನರ ಹೋಗುತ್ತದೆ. ತುಟಿ, ಗಲ್ಲಕ್ಕೆ ಸ್ಪರ್ಶ ತಿಳಿಯುವುದು ಅದರಿಂದಲೇ. ಇಂಪ್ಲಾಂಟ್‌ನ ತುದಿಗೂ ಆ ನರಕ್ಕೂ ಕಡೇಪಕ್ಷ 2 ಮಿಲಿಮೀಟರ್ ಜಾಗ ಬಿಡಬೇಕು. ಬರೀ ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಅಗಲ ಗೊತ್ತಾಗುವುದಿಲ್ಲ. ಸ್ಕ್ಯಾನ್ ಬೇಡ ಅಂತ ಖರ್ಚು ಉಳಿಸಲು ಹೋಗಬೇಡಿ. ಇವರಿಗೆ 10 ಮಿಲಿಮೀಟರ್ ಉದ್ದದ್ದು ಸರಿಹೋಗುತ್ತಿತ್ತು.

ಶ್ರಾವಣ ಬಂತು. ಇಂಪ್ಲಾಂಟ್ ಹಾಕುವ ದಿನ ತಿಂಡಿ ತಿಂದು, ಎಂದಿನ ಮಾತ್ರೆ ತಗೊಂಡೇ ಬನ್ನಿ ಅಂದಿದ್ದೆ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ. ಆಮೇಲೆ ನೋವಿಲ್ಲ, ಆದರೆ ಒತ್ತಡ ತಿಳಿಯುತ್ತದೆ, ದವಡೆ ಗುಂಯ್‌ಗುಡುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಜನ ಹೆದರುತ್ತಾರೆ. ವಸಡು ಬಿಡಿಸಿ, ಸಣ್ಣ ಡ್ರಿಲ್‌ನಿಂದ ಶುರು ಮಾಡಿ ಒಂದೊಂದೇ ಸೈಜ್ ದೊಡ್ಡದು ಮಾಡುತ್ತಾ ಹೋದೆ. ಉದ್ದಕ್ಕೂ ತಣ್ಣಗಿನ ಸಲೈನ್ ಬೀಳುತ್ತಲೇ ಇರಬೇಕು. ಮೂಳೆ 47 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿ ಒಂದು ನಿಮಿಷ ಹಾಗೇ ಇದ್ದರೂ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಆಮೇಲೆ ಸ್ಕ್ರೂ ಎಷ್ಟು ಚೆನ್ನಾಗಿ ಕೂತರೂ ಪ್ರಯೋಜನ ಇಲ್ಲ. ಕೊನೆಗೆ ಇಂಪ್ಲಾಂಟನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದೆ. ಕೊನೆಯ ಎರಡು ಸುತ್ತಿನಲ್ಲಿ ಮೂಳೆ ಬಿಗಿಯಾಗಿ ಹಿಡಿಯುವುದು ಬೆರಳಿಗೆ ಗೊತ್ತಾಗುತ್ತದೆ. ಹೊಲಿಗೆ ಹಾಕಿ ಏಳಿಸಿದಾಗ ಅಮ್ಮ ಕೇಳಿದರು, "ಅಷ್ಟೇನಾ?" ಅರ್ಧ ಗಂಟೆಯೂ ಆಗಿರಲಿಲ್ಲ.

ಮೊದಲ ದಿನ ಕೆನ್ನೆಯ ಹೊರಗಡೆ ಐಸ್ ಇಡಬೇಕು. ಜೋರಾಗಿ ಬಾಯಿ ಮುಕ್ಕಳಿಸಬಾರದು, ಪದೇಪದೇ ಉಗುಳಬಾರದು. ಎರಡನೇ, ಮೂರನೇ ದಿನ ಊತ ಜಾಸ್ತಿ ಆಗುತ್ತದೆ, ಗಾಬರಿ ಬೇಡ. ಆದರೆ ಮೂರು ದಿನ ಕಳೆದ ಮೇಲೆ ನೋವು ಏರುತ್ತಾ ಹೋದರೆ, ಅಥವಾ ಮಾರನೇ ದಿನವೂ ತುಟಿ ಮರಗಟ್ಟಿದ ಹಾಗೇ ಇದ್ದರೆ ತಕ್ಷಣ ಫೋನ್ ಮಾಡಿ. ಊಟಕ್ಕೆ ಮೊಸರನ್ನ, ತಣ್ಣಗಾದ ಗಂಜಿ. ಮುದ್ದೆ ಉಣ್ಣುವವರಿಗೆ ಇನ್ನೂ ಸುಲಭ, ಹೇಗಿದ್ದರೂ ಅದು ನುಂಗುವ ಊಟ ಅಲ್ವಾ. ಬಿಸಿ ಆರಿರಬೇಕು, ಸಾರು ಖಾರ ಇರಬಾರದು ಅಷ್ಟೇ.

ಹತ್ತನೇ ದಿನ ಹೊಲಿಗೆ ಬಿಚ್ಚಿದೆ. ಗೋಕುಲಾಷ್ಟಮಿ ಬಂದು ಹೋಯಿತು, ಚಕ್ಕುಲಿ ತಿನ್ನಲಾಗಲಿಲ್ಲ. "ಸ್ಕ್ರೂ ಗಟ್ಟಿಯಾಗಿದೆ ಅಂದ್ರಲ್ಲ, ಹಲ್ಲು ಕೂರಿಸಿಬಿಡಿ" ಅಂತ ಅಮ್ಮನ ಒತ್ತಾಯ. ನಾನು ಒಪ್ಪಲಿಲ್ಲ. ಅದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಅಮೆರಿಕಕ್ಕೆ ಹೊರಟಿದ್ದ ಒಬ್ಬ ಹುಡುಗನಿಗೆ ಆರೇ ವಾರಕ್ಕೆ ಕ್ಯಾಪ್, ಅಂದರೆ ಸ್ಕ್ರೂ ಮೇಲೆ ಕೂರುವ ಹಲ್ಲು, ಹಾಕಿಕೊಟ್ಟಿದ್ದೆ. ಇಂಪ್ಲಾಂಟ್ ಹಾಕುವಾಗಲೇ ಹಿಡಿತ ಸಡಿಲ ಇತ್ತು, ಅದು ನನಗೆ ಗೊತ್ತಿತ್ತು. ರಜೆಗೆ ಬಂದಾಗ ನೋಡಿದರೆ ಹಲ್ಲು ಬೆರಳಲ್ಲೇ ತಿರುಗುತ್ತಿತ್ತು. ತೆಗೆದು, ಮೂಳೆ ತುಂಬುವವರೆಗೆ ಕಾದು, ಮತ್ತೆ ಮೊದಲಿಂದ ಮಾಡಬೇಕಾಯಿತು. ತಪ್ಪು ನನ್ನದೇ. ಕೆಲವರಿಗೆ ಅದೇ ದಿನ ತಾತ್ಕಾಲಿಕ ಹಲ್ಲು ಕೊಡಬಹುದು ನಿಜ, ಆದರೆ ಮೂಳೆ ಅಷ್ಟು ಗಟ್ಟಿ ಇರಬೇಕು. ಅದನ್ನು ಹೇಳಬೇಕಾದ್ದು ವಿಮಾನದ ಟಿಕೆಟ್ ಅಲ್ಲ.

ಹೀಗೆ ಕಾಯುವ ತಿಂಗಳುಗಳಲ್ಲಿ ಒಳಗೆ ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಸ್ವೀಡನ್ನಿನ ಬ್ರೊನೆಮಾರ್ಕ್ ಅನ್ನುವವರು 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿ ಟೈಟಾನಿಯಂ ಉಪಕರಣ ಇಟ್ಟು ಸಂಶೋಧನೆ ಮಾಡುತ್ತಿದ್ದರು. ಆಮೇಲೆ ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದಕ್ಕೆ ಅಂಟಿಕೊಂಡು ಬೆಳೆದಿತ್ತು. 1965ರಲ್ಲಿ ಅವರು ಮೊದಲ ಸಲ ಒಬ್ಬ ರೋಗಿಗೆ ಇಂಪ್ಲಾಂಟ್ ಹಾಕಿದರು. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯುವ ಪದ್ಧತಿ ಅವರದೇ. ಈಗ ಇಂಪ್ಲಾಂಟ್‌ನ ಮೇಲ್ಮೈ ಸುಧಾರಿಸಿದೆ, ಮೇಲ್ದವಡೆಗೆ ಎಷ್ಟೋ ಸಲ ನಾಲ್ಕು ತಿಂಗಳು ಸಾಕು. ಮೂಳೆ ಕಸಿ ಮಾಡಿದ್ದರೆ ಇನ್ನೂ ಜಾಸ್ತಿ.

ದೀಪಾವಳಿ ಮುಗಿದ ಮೇಲೆ ಅಮ್ಮ ಬಂದರು. ಬಾಯಿ ನೋಡುವ ಸಣ್ಣ ಕನ್ನಡಿಯ ಹಿಡಿಯಿಂದ ಇಂಪ್ಲಾಂಟನ್ನು ಮೆಲ್ಲಗೆ ತಟ್ಟಿದೆ. ಟಣ್ ಅಂತು. ಮೂಳೆ ಹಿಡಿಯದಿದ್ದರೆ ಸದ್ದು ಮಂದವಾಗಿರುತ್ತದೆ. ಎಕ್ಸ್‌ರೇಯಲ್ಲೂ ಸರಿ ಇತ್ತು. ಅಳತೆ ತಗೊಂಡು ಒಂದು ವಾರಕ್ಕೆ ಜಿರ್ಕೋನಿಯಾ ಅನ್ನುವ ಗಟ್ಟಿ ಸೆರಾಮಿಕ್‌ನ ಕ್ಯಾಪ್ ಕೂರಿಸಿದೆ. ನೀಲಿ ಕಾಗದ ಕಚ್ಚಿಸಿ ಎತ್ತರ ನೋಡುತ್ತಾ ಮೂರು ಸಲ ಉಜ್ಜಿದೆ. ನಮ್ಮ ಸ್ವಂತ ಹಲ್ಲು ಕಚ್ಚಿದಾಗ ಕೂದಲೆಳೆಯಷ್ಟು ಒಳಗೆ ಹೋಗುತ್ತದೆ, ಇಂಪ್ಲಾಂಟ್ ಹೋಗುವುದಿಲ್ಲ. ಹಾಗಾಗಿ ಅದು ಒಂದು ಚೂರು ತಗ್ಗಾಗಿಯೇ ಇರಬೇಕು.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಹೇಳಿದ ರೇಟಿನಲ್ಲಿ ಸ್ಕ್ಯಾನ್, ಸ್ಕ್ರೂ, ಕ್ಯಾಪ್ ಎಲ್ಲಾ ಸೇರಿದೆಯಾ ಅಂತ ಮೊದಲ ದಿನವೇ ಬರೆಸಿಕೊಳ್ಳಿ. ಹಾಕಿದ ಇಂಪ್ಲಾಂಟ್‌ನ ಕಂಪನಿ, ಅಳತೆ ಇರುವ ಕಾರ್ಡ್ ಕೇಳಿ ಇಸಕೊಳ್ಳಿ. ಮುಂದೆ ಬೇರೆ ಊರಲ್ಲಿ ರಿಪೇರಿ ಬಂದರೆ ಅದೇ ಬೇಕು.

ಕಡಲೆಕಾಯಿ ಪರಿಷೆಯ ಮಾರನೇ ದಿನ ಅಮ್ಮ ಒಂದು ಚೀಲ ಹಸಿ ಕಡಲೆಕಾಯಿ ತಂದುಕೊಟ್ಟರು. ಬಲಗಡೆಯಲ್ಲೇ ಅಗಿದು ತಿಂದರಂತೆ. "ಸಂತೋಷ ಅಮ್ಮ. ಹೇಗೆ ತೊಳೀತೀರಿ ತೋರಿಸಿ" ಅಂದೆ. ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡು ಕೊಳೆತರೆ ಮೂಳೆಯೇ ಕರಗುತ್ತದೆ. ಅಮ್ಮ ಪರ್ಸಿನಿಂದ ಸಂದಿಯ ಸಣ್ಣ ಬ್ರಷ್ ತೆಗೆದು, ಕನ್ನಡಿ ನೋಡಿಕೊಂಡು ಹಿಂದೆ ಮುಂದೆ ಆಡಿಸಿದರು. ಬ್ರಷ್‌ನ ತುದಿಗೆ ಒಂದು ಚೂರು ಕಡಲೆಕಾಯಿ ಸಿಪ್ಪೆ ಬಂತು.