ರಿಮೋಟ್ ಅಂದರೆ ಎಲ್ಲಿಂದ ಬೇಕಾದರೂ ಅಂತಲ್ಲ: ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕಿದ ನನ್ನ ಅನುಭವ

ಮೊದಲ ನಾಲ್ಕು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಲಿಂಕ್ಡ್‌ಇನ್ ತೆರೆಯುವುದು, ರಿಮೋಟ್, ಅಂದರೆ ಆಫೀಸಿಗೆ ಹೋಗದೆ ಮಾಡುವ ಕೆಲಸ, ಅಂತ ಫಿಲ್ಟರ್ ಹಾಕುವುದು, ಕಂಡಕಂಡಿದ್ದಕ್ಕೆಲ್ಲ ಈಜಿ ಅಪ್ಲೈ ಅನ್ನುವ ಅರ್ಜಿ ಬಟನ್ ಒತ್ತುವುದು. ನೂರೈವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದ್ದೆ. ಬಹುತೇಕ ಕಡೆಯಿಂದ ಉತ್ತರವೇ ಬರಲಿಲ್ಲ. ನಾನು ಟೆಕ್ನಿಕಲ್ ರೈಟರ್, ಸಾಫ್ಟ್‌ವೇರ್ ಬಳಸುವವರಿಗೆ ಗೈಡ್ ಬರೆಯುವುದು ನನ್ನ ಕಸುಬು. ಕಸುಬು ಚೆನ್ನಾಗಿ ಗೊತ್ತಿತ್ತು, ಕೆಲಸ ಹುಡುಕುವುದು ಗೊತ್ತಿರಲಿಲ್ಲ.

ಎಡವಿದ್ದು ಎಲ್ಲಿ ಅಂತ ಒಂದು ಇಂಟರ್‌ವ್ಯೂನಲ್ಲಿ ಗೊತ್ತಾಯಿತು. ಅದು ಅಮೆರಿಕದ ಕಂಪನಿ. ಎರಡು ಸುತ್ತು ಚೆನ್ನಾಗಿ ಆಗಿತ್ತು, ಬರವಣಿಗೆ ಪರೀಕ್ಷೆಯೂ ಮುಗಿದಿತ್ತು. ಕೊನೆಗೆ ಅವರು "ನೀವು ಯಾವ ರಾಜ್ಯದಲ್ಲಿದ್ದೀರಿ?" ಅಂತ ಕೇಳಿದರು. ನಾನು ನಿಮ್ಮ ದೇಶದಲ್ಲೇ ಇಲ್ಲ ಅಂದೆ. ಅಲ್ಲಿಗೆ ಮುಗಿಯಿತು. ಅವರ ಲೆಕ್ಕದಲ್ಲಿ ರಿಮೋಟ್ ಅಂದರೆ ಅಮೆರಿಕದ ಒಳಗೆ ಮನೆಯಿಂದ ಕೆಲಸ. ಬೇರೆ ದೇಶದವರನ್ನು ತೆಗೆದುಕೊಳ್ಳಬೇಕು ಅಂದರೆ ಆ ದೇಶದ ತೆರಿಗೆ, ಕಾರ್ಮಿಕ ಕಾನೂನು, ಸಂಬಳ ಕಳಿಸುವ ವ್ಯವಸ್ಥೆ ಎಲ್ಲ ನೋಡಬೇಕಾಗುತ್ತದೆ. ಅದಕ್ಕೆ ದಾರಿ ಮಾಡಿಕೊಂಡಿರದ ಕಂಪನಿ ನನ್ನೊಬ್ಬನಿಗೋಸ್ಕರ ಯಾಕೆ ಮಾಡಿಕೊಳ್ಳುತ್ತದೆ, ಅಲ್ವಾ?

ಅಂದಿನಿಂದ ನಾನು ಜಾಹೀರಾತು ಓದುವ ಮುಂಚೆ ಲಿಂಕ್ಡ್‌ಇನ್‌ನಲ್ಲಿರುವ ಆ ಕಂಪನಿಯ ಪುಟಕ್ಕೆ ಹೋಗುತ್ತಿದ್ದೆ. ಅಲ್ಲಿ ಪೀಪಲ್ ಅಂತ ಒಂದು ಟ್ಯಾಬ್ ಇದೆ. ಒತ್ತಿದರೆ ಕೆಲಸ ಮಾಡುವವರು ಯಾವ ಯಾವ ದೇಶದಲ್ಲಿ ಎಷ್ಟೆಷ್ಟು ಜನ ಇದ್ದಾರೆ ಅಂತ ಪಟ್ಟಿ ಬರುತ್ತದೆ. ಎಲ್ಲರೂ ಒಂದೇ ದೇಶದಲ್ಲಿದ್ದರೆ ಬಿಟ್ಟುಬಿಡುವುದು. ಹತ್ತು ಹನ್ನೆರಡು ದೇಶಗಳಲ್ಲಿ ಒಬ್ಬೊಬ್ಬರು, ಇಬ್ಬಿಬ್ಬರು ಹಂಚಿಹೋಗಿದ್ದಾರೆ ಅಂದರೆ ಆ ಕಂಪನಿ ಹೊರಗಿನವರನ್ನು ತೆಗೆದುಕೊಳ್ಳುವುದನ್ನು ಕಲಿತಿದೆ ಅಂತ ಅರ್ಥ. ಹೀಗೆ ನಲವತ್ತು ಕಂಪನಿಗಳ ಪಟ್ಟಿ ಮಾಡಿದೆ. ಆಮೇಲೆ ನಾನು ನೋಡಿದ್ದು ಆ ನಲವತ್ತನ್ನು ಮಾತ್ರ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಪ್ರೊಫೈಲ್ ವಿಷಯ ಜಾಸ್ತಿ ಹೇಳುವುದಿಲ್ಲ. ಹೆಸರಿನ ಕೆಳಗೆ ಕಾಣುವ ಹೆಡ್‌ಲೈನ್‌ಗೆ 220 ಅಕ್ಷರ ಸಿಗುತ್ತದೆ. ನಾನು ಮೊದಲು "ಉತ್ಸಾಹಿ ಬರಹಗಾರ, ಅವಕಾಶದ ಹುಡುಕಾಟದಲ್ಲಿ" ಅಂತ ಬರೆದಿದ್ದೆ. ರಿಕ್ರೂಟರ್‌ಗಳು ಉತ್ಸಾಹ ಅಂತ ಹಾಕಿ ಹುಡುಕುವುದಿಲ್ಲ, ಕೆಲಸದ ಹೆಸರು ಹಾಕಿ ಹುಡುಕುತ್ತಾರೆ. ಅದನ್ನು ತೆಗೆದು ಟೆಕ್ನಿಕಲ್ ರೈಟರ್, ಎಪಿಐ ಡಾಕ್ಯುಮೆಂಟೇಶನ್ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ವ್ಯವಸ್ಥೆಗೆ ಬರೆಯುವ ಗೈಡ್), ಬಳಸುವ ಟೂಲ್‌ಗಳ ಹೆಸರು, ಯುಟಿಸಿ ಅನ್ನುವ ಜಾಗತಿಕ ಸಮಯದ ಲೆಕ್ಕದಲ್ಲಿ ನಾನು ಸಿಗುವ ಸಮಯ ಇಷ್ಟೇ ಹಾಕಿದೆ. ಕೆಲಸ ಹುಡುಕುತ್ತಿದ್ದೇನೆ ಅಂತ ತೋರಿಸುವ ಓಪನ್ ಟು ವರ್ಕ್ ಅನ್ನುವುದನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ಈಗ ಒಂದು ಕಡೆ ಕೆಲಸದಲ್ಲಿದ್ದರೆ ಹಾಗೇ ಇಡಿ. ಆದರೂ ನಿಮ್ಮ ಕಂಪನಿಯವರಿಗೆ ಗೊತ್ತಾಗುವುದೇ ಇಲ್ಲ ಅನ್ನುವ ಗ್ಯಾರಂಟಿಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ.

ಇನ್ನು ಮೆಸೇಜ್. ನಾನು ಎಚ್‌ಆರ್‌ಗೆ ಬರೆಯುವುದು ಬಿಟ್ಟೆ. ಡಾಕ್ಯುಮೆಂಟೇಶನ್ ತಂಡವನ್ನು ನೋಡಿಕೊಳ್ಳುವವರು ಯಾರು ಅಂತ ಹುಡುಕಿ ಅವರಿಗೇ ಬರೆದೆ. ಬರೆಯುವ ಮುಂಚೆ ಅವರ ಸಾಫ್ಟ್‌ವೇರನ್ನು ಅವರದೇ ಗೈಡ್ ನೋಡಿಕೊಂಡು ಹಾಕುತ್ತಿದ್ದೆ, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಗುರುತು ಮಾಡಿಕೊಳ್ಳುತ್ತಿದ್ದೆ. ಕೆಲಸ ಕೊಡಿಸಿದ ಮೆಸೇಜ್ ಹೆಚ್ಚುಕಮ್ಮಿ ಹೀಗಿತ್ತು: "ನಿಮ್ಮ ಇನ್‌ಸ್ಟಾಲೇಶನ್ ಗೈಡ್‌ನ ನಾಲ್ಕನೇ ಹಂತ ಟೋಕನ್ ಕೇಳುತ್ತದೆ. ಟೋಕನ್ ಎಲ್ಲಿ ಸಿಗುತ್ತದೆ ಅನ್ನುವುದು ಏಳನೇ ಹಂತದಲ್ಲಿದೆ. ನಾನು ಅಲ್ಲೇ ಇಪ್ಪತ್ತು ನಿಮಿಷ ನಿಂತೆ. ಆ ಪುಟವನ್ನು ತಿದ್ದಿ ಬರೆದಿದ್ದೇನೆ, ಲಿಂಕ್ ಇಲ್ಲಿದೆ." ಇಷ್ಟೇ. ಕೆಲಸ ಕೊಡಿ ಅಂತ ಕೇಳಲೇ ಇಲ್ಲ. ಎರಡು ದಿನ ಬಿಟ್ಟು ಅವರೇ, ನೀವು ಸದ್ಯ ಏನು ಮಾಡುತ್ತಿದ್ದೀರಿ ಅಂತ ಕೇಳಿದರು. ಹೀಗೆ ಬರೆದದ್ದು ಒಟ್ಟು ಹನ್ನೊಂದು ಮೆಸೇಜ್, ಉತ್ತರ ಬಂದದ್ದು ಐದಕ್ಕೆ. ಒಂದೊಂದಕ್ಕೂ ಅರ್ಧ ದಿನ ಹಿಡಿಯಿತು, ಅದು ನಿಜ.

ನಡುವೆ ಒಂದು ಮೋಸದ ಬಾಯಿಗೂ ಬೀಳುತ್ತಿದ್ದೆ. ಸಂಬಳ ಚೆನ್ನಾಗಿತ್ತು, ಇಂಟರ್‌ವ್ಯೂ ಪೂರ್ತಿ ಟೆಲಿಗ್ರಾಮ್ ಚಾಟ್‌ನಲ್ಲೇ, ಮುಖ ತೋರಿಸಲಿಲ್ಲ. ಒಂದು ಗಂಟೆಯೊಳಗೆ ಆಫರ್ ಬಂತು. ಆಮೇಲೆ ಲ್ಯಾಪ್‌ಟಾಪ್ ಕಳಿಸುವುದಕ್ಕೆ ಡೆಪಾಸಿಟ್ ಕಟ್ಟಿ ಅಂದರು. ಕಟ್ಟಲಿಲ್ಲ, ಆದರೆ ನಾಲ್ಕು ತಿಂಗಳು ಕಾದು ಸೋತಿದ್ದವನಿಗೆ ಆ ಕ್ಷಣ ಕಟ್ಟಿಬಿಡೋಣ ಅಂತ ಎಷ್ಟು ಅನ್ನಿಸಿತ್ತು ಅಂತ ನನಗೆ ಗೊತ್ತು. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲೇ ಬ್ಲಾಕ್ ಮಾಡಿ.

ಆಫರ್ ಬಂದ ಮೇಲೆ ಕೇಳಬೇಕಾದ್ದು, ನನ್ನನ್ನು ಕಾಂಟ್ರ್ಯಾಕ್ಟರ್ ಆಗಿ, ಅಂದರೆ ನೌಕರನಲ್ಲದೆ ಬರೀ ಒಪ್ಪಂದದ ಮೇಲೆ ತೆಗೆದುಕೊಳ್ಳುತ್ತೀರೋ, ಅಥವಾ ನಡುವೆ ಎಂಪ್ಲಾಯರ್ ಆಫ್ ರೆಕಾರ್ಡ್ ಇರುತ್ತದೋ ಅಂತ. ಎರಡನೆಯದರಲ್ಲಿ ಇನ್ನೊಂದು ಸಂಸ್ಥೆ ನಿಮ್ಮ ದೇಶದ ಕಾನೂನಿನ ಪ್ರಕಾರ ನಿಮ್ಮನ್ನು ನೌಕರ ಅಂತ ಇಟ್ಟುಕೊಂಡು ಸಂಬಳ ಕೊಡುತ್ತದೆ. ಕಾಂಟ್ರ್ಯಾಕ್ಟರ್ ಆದರೆ ತೆರಿಗೆ, ರಜೆ, ವಿಮೆ ಎಲ್ಲ ನಿಮ್ಮ ತಲೆಗೇ. ನಾನು ಕಾಂಟ್ರ್ಯಾಕ್ಟರ್, ಅದಕ್ಕೆ ದರ ಹೇಳುವಾಗ ಇವನ್ನೆಲ್ಲ ಕೂಡಿಸಿ ಹೇಳಿದೆ. ನನಗೆ ಕೆಲಸ ಕೊಟ್ಟದ್ದೂ ಅಮೆರಿಕದ ಕಂಪನಿಯೇ ಆದ್ದರಿಂದ ಡಬ್ಲ್ಯೂ-8ಬೆನ್ ಅನ್ನುವ ಫಾರಂ ತುಂಬಿಸಿಕೊಂಡರು, ತೆರಿಗೆ ಲೆಕ್ಕಕ್ಕೆ ನಾನು ಅಲ್ಲಿನವನಲ್ಲ ಅಂತ ಹೇಳುವ ಕಾಗದ ಅದು. ಗಾಬರಿ ಬೇಡ.

ಇನ್ನೊಂದು ಸಣ್ಣ ವಿಷಯ. ಅಮೆರಿಕದಲ್ಲಿ ಬೇಸಿಗೆ ಸಮಯ ಅಂತ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಯುರೋಪಿನಲ್ಲಿ ಅದೇ ತಿಂಗಳ ಕೊನೇ ಭಾನುವಾರ. ಎರಡೂ ಕಡೆ ಜನ ಇರುವ ತಂಡದಲ್ಲಿ ಆ ಎರಡು ಮೂರು ವಾರ ಮೀಟಿಂಗ್ ಸಮಯ ಪೂರ್ತಿ ಕಲಸುಮೇಲೋಗರ. ಮೊದಲ ವರ್ಷ ನಾನು ಒಂದು ಮೀಟಿಂಗ್‌ಗೆ ಗಂಟೆ ತಡವಾಗಿ ಹೋಗಿದ್ದೆ. ಈಗ ಆ ವಾರಗಳನ್ನು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡುತ್ತೇನೆ.