ವೃದ್ಧಾಶ್ರಮದಾಗ ಚಿತ್ರಕಲೆ ಕ್ಲಾಸ್ ತಗೊಳ್ಳೋರಿಗೆ

ಹುಬ್ಬಳ್ಳಿ-ಧಾರವಾಡ ಕಡೆ ವೃದ್ಧಾಶ್ರಮಕ್ಕ ಹೋಗಿ ಪೇಂಟಿಂಗ್ ಕಲಿಸೋರು ಮೊದಲ ಬ್ರಷ್‌ನ ಹಿಡಿಕಿ ನೋಡ್ರಿ. ಸಂಧಿವಾತ ಇದ್ದವರಿಗೆ ಪೆನ್ಸಿಲ್‌ನಷ್ಟು ಸಣ್ಣ ಹಿಡಿಕಿ ಸಾಲೂದಿಲ್ಲ, ಒತ್ತಿ ಹಿಡಿದು ಹಿಡಿದು ಬೆರಳು ನೋಯ್ತಾವ. ಹಳೇ ಧೋತರದ ಅರಿವಿ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿ, ಒಂದು ಇಂಚು ದಪ್ಪ ಮಾಡ್ರಿ. 8ರಿಂದ 12 ನಂಬರಿನ ಚಪ್ಪಟೆ ಬ್ರಷ್ ಸಾಕು.

ಹಾಳಿ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ತೂಗತದ ಅನ್ನೋ ಅಳತಿ) ತೆಳ್ಳಗ ಬ್ಯಾಡ, ನೀರು ತಾಗಿದ ಕೂಡ್ಲೆ ಉಬ್ಬತದ. ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ ಹಲಗಿಗೆ ಕೂಡಿಸ್ರಿ. ಲಕ್ವಾ ಹೊಡದವರಿಗೆ ಹಾಳಿ ಹಿಡಿಯಾಕ ಎರಡನೇ ಕೈ ಬರೂದಿಲ್ಲ.

ಬ್ರಷ್ ತೊಳಿಯೋ ನೀರು ಚಹಾ ಕಪ್ಪಿನಾಗ ಇಡಲೇಬ್ಯಾಡ್ರಿ. ಮರೆವಿನ ಕಾಯಿಲೆ ಇದ್ದವರು ಕಂದು ಬಣ್ಣದ ನೀರು ಚಹಾ ಅಂತ ಎತ್ತಿ ಕುಡದುಬಿಡ್ತಾರ. ತಳ ಅಗಲ ಇರೋ ಪ್ಲಾಸ್ಟಿಕ್ ಡಬ್ಬಿ ಇಡ್ರಿ, ಉರುಳೂದೂ ಇಲ್ಲ. ಚಹಾ ಕ್ಲಾಸ್ ಮುಗಿದ ಮ್ಯಾಲೇ ಬರಲಿ.

ಕಣ್ಣಿನ ಪೊರೆ ಇದ್ದವರಿಗೆ ನೀಲಿ, ನೇರಳೆ ಮಬ್ಬು ಕಾಣ್ತಾವ. ಬಿಳಿ ಹಾಳಿ ಮ್ಯಾಲೆ ಹಳದಿನೂ ಎದ್ದು ಕಾಣೂದಿಲ್ಲ. ಕೆಂಪು, ಕಡು ಹಸಿರಿನಿಂದ ಸುರು ಮಾಡ್ರಿ.

ವಿಷಯಕ್ಕ ನಮ್ಮ ಕಸೂತಿ ಇದ್ದೇ ಅದ: ಗೋಪುರ, ತೇರು, ತುಳಸಿಕಟ್ಟಿ. ಅರ್ಧ ಇಂಚಿನ ಚೌಕದ ಗೆರೆ ಹಾಕಿ ಕೊಟ್ರ, ಎಳಿ ಎಣಿಸಿ ಕಸೂತಿ ಹಾಕಿದ ಅಮ್ಮಾರು ತಾವಾ ಲೆಕ್ಕ ಹಿಡೀತಾರ. ಹುಡುಗರ ಬಣ್ಣ ತುಂಬೋ ಪುಸ್ತಕ ಮಾತ್ರ ಒಯ್ಯಬ್ಯಾಡ್ರಿ, ಹಿರ್ಯಾರಿಗೆ ಅದು ಅಪಮಾನ. ಮುಂಜಾನೆ 10ರ ಸುಮಾರು, ಕಿಟಕಿ ಬಾಜೂ ಕೂಡಿಸಿ, 45 ನಿಮಿಷಕ್ಕ ನಿಲ್ಲಿಸ್ರಿ.